ಸಿ.ಎ. ಪರೀಕ್ಷೆ: ‘ಅನುತ್ತೀರ್ಣ’ ಎಂಬ ಫಲಿತಾಂಶವನ್ನು ಓದುವ ಬಗೆ

ನಮ್ಮ ವರ್ತಕ ಬಂಧುಗಳ ಅನೇಕ ಮಕ್ಕಳು ಸಿ.ಎ. ವ್ಯಾಸಂಗಕ್ಕೆ ಸೇರುತ್ತಾರೆ. ಮಗನೋ ಮಗಳೋ ಒಮ್ಮೆ ಅನುತ್ತೀರ್ಣರಾದೊಡನೆ ‘ಸಾಕು, ಅಂಗಡಿಗೆ ಬಾ’ ಎನ್ನುವ ತಂದೆಯರೂ ಉಂಟು. ಹಾಗೆನ್ನುವ ಮುನ್ನ ಅಂಕಪಟ್ಟಿಯನ್ನು ಲೆಕ್ಕದ ಪುಸ್ತಕದಂತೆ ಪರಿಶೀಲಿಸುವುದು ಒಳಿತು.

ಇಂಟರ್‌ಮೀಡಿಯೆಟ್ ಮತ್ತು ಫೈನಲ್ ಹಂತಗಳಲ್ಲಿ ತಲಾ 3 ಪತ್ರಿಕೆಗಳ 2 ಗುಂಪುಗಳಿವೆ. ಪ್ರತಿ ಪತ್ರಿಕೆಗೆ 100 ಅಂಕ. ಒಂದು ಗುಂಪಿನಲ್ಲಿ ತೇರ್ಗಡೆಯಾಗಲು ಪ್ರತಿ ಪತ್ರಿಕೆಯಲ್ಲಿ ಕನಿಷ್ಠ 40 ಹಾಗೂ ಒಟ್ಟಿನಲ್ಲಿ 150 ಅಂಕ ಬೇಕು. 62, 44, 41 ಅಂಕ ಪಡೆದ ವಿದ್ಯಾರ್ಥಿ ಯಾವ ಪತ್ರಿಕೆಯಲ್ಲಿಯೂ ಸೋತಿಲ್ಲ. ಒಟ್ಟು 147 ಆದುದರಿಂದ, ಕೇವಲ 3 ಅಂಕಗಳ ಕೊರತೆಯಿಂದ ಗುಂಪಿನಲ್ಲಿ ಅನುತ್ತೀರ್ಣ.

ಆದರೂ ಆ ಶ್ರಮ ವ್ಯರ್ಥವಲ್ಲ. ಗುಂಪಿನ ಎಲ್ಲ ಪತ್ರಿಕೆಗಳನ್ನೂ ಬರೆದು, ಒಂದರಲ್ಲಿ 60 ಅಥವಾ ಹೆಚ್ಚು ಅಂಕ ಗಳಿಸಿದವರಿಗೆ ಮುಂದಿನ 3 ಪರೀಕ್ಷೆಗಳಲ್ಲಿ ಆ ಪತ್ರಿಕೆಯಿಂದ ವಿನಾಯಿತಿ ಉಂಟು. ಅದರ ಅಂಕಗಳೂ ಒಟ್ಟು ಮೊತ್ತಕ್ಕೆ ಸೇರುತ್ತವೆ. ಮೇಲಿನ ಉದಾಹರಣೆಯಲ್ಲಿ 62 ಎಂಬುದು ಆರಂಭ ಶಿಲ್ಕು. ಉಳಿದ 2 ಪತ್ರಿಕೆಗಳಿಂದ 88 ಬಂದರೆ ಸಾಕು. ಮೊದಲ ಪತ್ರಿಕೆ ಕೆಟ್ಟಿತೆಂದು ಮಿಕ್ಕವುಗಳಿಗೆ ಗೈರುಹಾಜರಾದವರಿಗೆ ಈ ಸೌಲಭ್ಯವಿಲ್ಲ.

ಇಂಟರ್‌ಮೀಡಿಯೆಟ್‌ನ ಎರಡೂ ಗುಂಪುಗಳು ಮುಗಿದ ಬಳಿಕ ಆರ್ಟಿಕಲ್‌ಶಿಪ್ ತರಬೇತಿ. 2023ರ ಹೊಸ ಯೋಜನೆಯಲ್ಲಿ ಅದರ ಅವಧಿ 3 ವರ್ಷಗಳಿಂದ 2 ವರ್ಷಗಳಿಗೆ ಇಳಿದಿದೆ.

ಆದುದರಿಂದ ಫಲಿತಾಂಶದ ದಿನ ಮಕ್ಕಳನ್ನು ಗದರಿಸುವ ಬದಲು, ಯಾವ ಪತ್ರಿಕೆಗೆ ವಿನಾಯಿತಿ ದೊರೆತಿದೆ, ಎಷ್ಟು ಅಂಕಗಳ ಕೊರತೆಯಿದೆ ಎಂಬುದನ್ನು ಅವರೊಡನೆ ಕುಳಿತು ಲೆಕ್ಕ ಹಾಕಿ, ಆನಂತರವೇ ತೀರ್ಮಾನಿಸುವುದು ಉಚಿತ.