ಮನೆಯ ಕಂಪ್ಯೂಟರಿನ ಕಾವಲುಗಾರ

ಹಿಂದೆ ರೇಡಿಯೋ ಪೆಟ್ಟಿಗೆ ಇದ್ದ ಸ್ಥಳದಲ್ಲಿ ಈಗ ನಮ್ಮ ಅನೇಕ ಮನೆಗಳಲ್ಲಿ ಕಂಪ್ಯೂಟರು ಬಂದು ಕುಳಿತಿದೆ. ಮಕ್ಕಳ ಪಾಠ, ಬ್ಯಾಂಕಿನ ಲೆಕ್ಕ, ವಿದ್ಯುತ್ತಿನ ಬಿಲ್ಲು, ಪರದೇಶದಲ್ಲಿರುವ ಮಗಳೊಡನೆ ಸಂಭಾಷಣೆ, ಮದುವೆ ನಾಮಕರಣಗಳ ಚಿತ್ರಗಳು, ಇವೆಲ್ಲವೂ ಆ ಒಂದೇ ಯಂತ್ರದೊಳಗೆ ಸೇರಿಕೊಂಡಿವೆ. ಆದಕಾರಣ ಹಳೆಯ ವಿದ್ಯಾರ್ಥಿನಿಯರು ಕೂಡಿದಲ್ಲೆಲ್ಲಾ "ಯಾವ ಆಂಟಿವೈರಸು ಒಳ್ಳೇದು? ಹಣ ಕೊಟ್ಟು ಕೊಳ್ಳಬೇಕೋ?" ಎಂಬ ಪ್ರಶ್ನೆಯು ಏಳುತ್ತಿರುವದು. ಅದಕ್ಕೆ ನಮಗೆ ತಿಳಿದಮಟ್ಟಿಗೆ ಇಲ್ಲಿ ಉತ್ತರ ಹೇಳಲು ಪ್ರಯತ್ನಿಸುವೆವು.

ಮೊದಲು ನಮ್ಮ ಮನೆಯಲ್ಲಿಯೇ ನಡೆದ ಒಂದು ಅವಿವೇಕವನ್ನು ಒಪ್ಪಿಕೊಳ್ಳಬೇಕಾಗಿದೆ. ಕಂಪ್ಯೂಟರನ್ನು ಕೊಂಡಾಗ ಅಂಗಡಿಯವರು ಒಂದು ವರುಷದ ಆಂಟಿವೈರಸನ್ನು ಹಾಕಿಕೊಟ್ಟಿದ್ದರು. ವರುಷ ಕಳೆಯಿತು. ತೆರೆಯ ಮೂಲೆಯಲ್ಲಿ ಅದರ ಗುರುತು ಮಾತ್ರ ಹಾಗೆಯೇ ಇತ್ತು. ಅವಧಿ ಮುಗಿದದೆಂದು ಪ್ರತಿ ಸಾಯಂಕಾಲ ಏಳುತ್ತಿದ್ದ ಕೆಂಪು ಸೂಚನೆಯನ್ನು ನಾವು ಜಾಹೀರಾತೆಂದು ಭಾವಿಸಿ ಮುಚ್ಚುತ್ತಾ ಬಂದೆವು. ಒಂದು ದಿನ ಅಕ್ಕನ ಮಗನು ಶಾಲೆಯ ಪ್ರಾಜೆಕ್ಟನ್ನು ಜೆರಾಕ್ಸ್ ಅಂಗಡಿಯಲ್ಲಿ ಅಚ್ಚು ಹಾಕಿಸಿಕೊಂಡು ಬಂದು, ಅದೇ ಪೆನ್‌ಡ್ರೈವನ್ನು ನಮ್ಮ ಯಂತ್ರಕ್ಕೆ ಸಿಕ್ಕಿಸಿದನು. ಆ ವಾರದಲ್ಲಿಯೇ ನಾವು ತೀರಿಹೋದ ತಂದೆಯವರ ಕೊನೆಯ ವರುಷದ ಚಿತ್ರಗಳಿದ್ದ ನಮ್ಮ ಪೆನ್‌ಡ್ರೈವನ್ನು ತೆರೆದು ನೋಡಿದರೆ ಫೋಲ್ಡರುಗಳೆಲ್ಲಾ ಮಾಯವಾಗಿ, ಅವುಗಳ ಹೆಸರನ್ನು ಹೊತ್ತ ಶಾರ್ಟ್‌ಕಟ್ಟುಗಳು ಮಾತ್ರ ಉಳಿದಿದ್ದವು. ಗಾಬರಿಯಿಂದ ದುರಸ್ತಿಯ ಅಂಗಡಿಗೆ ಓಡಿದೆವು. ಅವರು ಎಲ್ಲವನ್ನೂ ಫಾರ್ಮ್ಯಾಟ್ ಮಾಡಿ, ಶುಭ್ರವಾಯಿತೆಂದು ಹೇಳಿ ಕಳುಹಿಸಿದರು. ಅದರ ಮೇಲೆ ನಾವು ಹೊಸ ಫೈಲುಗಳನ್ನು ತುಂಬಿಸಿದೆವು. ಅಂಥಾ ವೈರಸು ಫೋಲ್ಡರುಗಳನ್ನು ಸಾಮಾನ್ಯವಾಗಿ ಅಳಿಸುವದಿಲ್ಲ, ಕೇವಲ ಮರೆಮಾಡುತ್ತದೆ. ತಿಳಿದವರು ಕೆಲವು ನಿಮಿಷಗಳಲ್ಲಿ ಅವನ್ನು ಹೊರಗೆ ತರಬಲ್ಲರು ಎಂಬದು ನಮಗೆ ಗೊತ್ತಾದದ್ದು ಆರು ತಿಂಗಳ ಮೇಲೆ. ಚಿತ್ರಗಳನ್ನು ಕಳೆದದ್ದು ವೈರಸಲ್ಲ, ನಮ್ಮ ಆತುರ.

ವೈರಸೆಂಬದು ಮನುಷ್ಯರೇ ಬರೆದ ಒಂದು ಪ್ರೋಗ್ರಾಮು; ತಾನಾಗಿ ತನ್ನ ಪ್ರತಿಗಳನ್ನು ಮಾಡಿಕೊಂಡು ಹಬ್ಬುವದೇ ಅದರ ಲಕ್ಷಣ. 1986ರಲ್ಲಿ ಲಾಹೋರಿನ ಇಬ್ಬರು ಸಹೋದರರು ಬರೆದ 'ಬ್ರೇನ್' ಎಂಬದು ಐಬಿಎಂ ಮಾದರಿಯ ಗೃಹಗಣಕಗಳಲ್ಲಿ ಹಬ್ಬಿದ ಮೊದಲನೆಯ ವೈರಸೆಂದು ಹೆಸರಾಗಿದೆ. ಅದು ಫ್ಲಾಪಿ ತಟ್ಟೆಗಳಿಂದ ಹರಡುತ್ತಿತ್ತು; ವಿಚಿತ್ರವೇನೆಂದರೆ, ಅವರು ಅದರೊಳಗೆ ತಮ್ಮ ಹೆಸರು, ವಿಳಾಸ, ಟೆಲಿಫೋನ್ ಸಂಖ್ಯೆಗಳನ್ನೂ ಬರೆದಿದ್ದರು. ಈ ಕಾಲದ ಕಳ್ಳರಲ್ಲಿ ಅಷ್ಟು ಸೌಜನ್ಯವಿಲ್ಲ.

ಆಂಟಿವೈರಸು ಮಾಡುವ ಕೆಲಸವು ಮುಖ್ಯವಾಗಿ ಎರಡು ಬಗೆಯದು. ಠಾಣೆಯ ಗೋಡೆಯ ಮೇಲೆ ತಿಳಿದ ಕಳ್ಳರ ಚಿತ್ರಗಳನ್ನು ತೂಗುಹಾಕಿರುವಂತೆ ಅದರ ಬಳಿಯಲ್ಲಿ ಗೊತ್ತಿರುವ ವೈರಸುಗಳ ಗುರುತುಗಳ ಪಟ್ಟಿ ಇರುತ್ತದೆ. ಒಳಗೆ ಬರುವ ಪ್ರತಿಯೊಂದು ಫೈಲನ್ನೂ ಆ ಪಟ್ಟಿಯೊಡನೆ ಹೋಲಿಸಿ ನೋಡುವದು. ಚಿತ್ರವಿಲ್ಲದ ಹೊಸ ಕಳ್ಳನನ್ನು ಅವನ ನಡತೆಯಿಂದ ಸಂಶಯಿಸುವದು ಎರಡನೆಯ ಬಗೆ. ಯಾವದೋ ಪ್ರೋಗ್ರಾಮು ಒಮ್ಮೆಲೇ ನೂರಾರು ಫೈಲುಗಳನ್ನು ಬೀಗ ಹಾಕಲಾರಂಭಿಸಿದರೆ ಅದರ ಕೈ ಹಿಡಿಯುವದು. ಪಟ್ಟಿಯು ದಿನಂಪ್ರತಿ, ಕೆಲವು ಸಾರಿ ದಿನಕ್ಕೆ ಹಲವು ಬಾರಿ, ಹೊಸದಾಗಬೇಕು. ಅವಧಿ ಮುಗಿದು ಪಟ್ಟಿ ಹಳೆಯದಾದ ಆಂಟಿವೈರಸು ಬಾಗಲಲ್ಲಿ ಕುಳಿತ ಕುರುಡ ಕಾವಲುಗಾರ. ಅವನನ್ನು ನಂಬಿ ಮನೆಯವರು ನಿದ್ದೆ ಮಾಡುವದರಿಂದ ಕಾವಲೇ ಇಲ್ಲದ ಮನೆಗಿಂತಲೂ ಆ ಮನೆಗೆ ಅಪಾಯ ಹೆಚ್ಚು.

ಇನ್ನು ಆರಿಸಿಕೊಳ್ಳುವ ವಿಷಯ. ಬಹುಮಂದಿಗೆ ತಿಳಿಯದ ಸಂಗತಿಯೇನಂದರೆ, 2012ರಲ್ಲಿ ಬಂದ ವಿಂಡೋಸ್ 8 ಮೊದಲುಗೊಂಡು ವಿಂಡೋಸಿನೊಳಗೆಯೇ 'ಡಿಫೆಂಡರ್' ಎಂಬ ಪೂರ್ಣ ಆಂಟಿವೈರಸು ಬಿಟ್ಟಿಯಾಗಿ ಸೇರಿರುತ್ತದೆ. ಆರಂಭದ ವರುಷಗಳಲ್ಲಿ ಅದು ಅಷ್ಟು ಸಮರ್ಥವಾಗಿರಲಿಲ್ಲವೆಂಬದು ನಿಜ. ಈಗ ಹಾಗಲ್ಲ. ಜರ್ಮನಿಯ ಮಾಗ್ಡೆಬರ್ಗ್ ಪಟ್ಟಣದ ಎವಿ-ಟೆಸ್ಟ್ ಎಂಬ ಸಂಸ್ಥೆಯು ಆಂಟಿವೈರಸುಗಳಿಗೆ ಪರೀಕ್ಷೆ ನಡಿಸಿ, ರಕ್ಷಣೆಗೆ 6, ಯಂತ್ರದ ವೇಗವನ್ನು ಕುಗ್ಗಿಸದಿರುವದಕ್ಕೆ 6, ನಿರಪರಾಧಿಗಳನ್ನು ಹಿಡಿಯದಿರುವದಕ್ಕೆ 6, ಹೀಗೆ ಒಟ್ಟು 18 ಅಂಕಗಳನ್ನು ಕೊಡುತ್ತದೆ. ಡಿಫೆಂಡರು ಈಚಿನ ವರುಷಗಳಲ್ಲಿ ಹಲವು ಸಾರಿ ಪೂರ್ಣ ಅಂಕಗಳನ್ನು ಪಡೆದಿದೆ. ಆಸ್ಟ್ರಿಯದ ಇನ್ಸ್‌ಬ್ರುಕ್ಕಿನಲ್ಲಿ ಎವಿ-ಕಂಪ್ಯಾರೆಟಿವ್ಸ್ ಎಂಬ ಇನ್ನೊಂದು ಪರೀಕ್ಷಾಲಯವುಂಟು. ಪೆಟ್ಟಿಗೆಯ ಮೇಲಿನ ಹೊಗಳಿಕೆಗಿಂತಲೂ ಅಂಗಡಿಯವನ ಮಾತಿಗಿಂತಲೂ ಈ ಅಂಕಪಟ್ಟಿಗಳು ನಂಬತಕ್ಕವು. ಆದರೆ ಒಂದೇ ತಿಂಗಳಿನದನ್ನು ನೋಡದೆ ಎರಡು ಮೂರು ವರುಷಗಳದನ್ನು ನೋಡಬೇಕು. ಒಂದು ಪರೀಕ್ಷೆಯಲ್ಲಿ ಮೊದಲನೆಯವಳಾದ ಹುಡುಗಿಯು ಪ್ರತಿ ತರಗತಿಯಲ್ಲಿಯೂ ಹಾಗೆಯೇ ಇರುವಳೆಂದು ಹೇಳಲಾಗದಷ್ಟೆ.

ಬಿಟ್ಟಿಯ ಬೇರೆ ಆಂಟಿವೈರಸುಗಳ ಕುರಿತು ಒಂದು ಎಚ್ಚರಿಕೆ ಅವಶ್ಯ. ಕಾವಲುಗಾರನಿಗೆ ಮನೆಯ ಎಲ್ಲಾ ಕೋಣೆಗಳ ಬೀಗದಕೈ ಕೊಟ್ಟಿರುತ್ತೇವೆ. ನಾವು ಯಾವ ಪುಟ ನೋಡಿದೆವು, ಏನು ಹುಡುಕಿದೆವು ಎಂಬದನ್ನು ಅವನು ಕಾಣಬಲ್ಲನು. ಲೋಕಪ್ರಸಿದ್ಧವಾದ ಅವಾಸ್ಟ್ ಕಂಪೆನಿಯು ಜಂಪ್‌ಶಾಟ್ ಎಂಬ ತನ್ನ ಉಪಸಂಸ್ಥೆಯ ಮೂಲಕ, ತನ್ನನ್ನು ಉಪಯೋಗಿಸುವವರ ಇಂಥಾ ವಿವರಗಳನ್ನು ಮಾರುತ್ತಿದ್ದ ಸಂಗತಿಯು 2020ರಲ್ಲಿ ಬಹಿರಂಗವಾಯಿತು. 2024ರಲ್ಲಿ ಅಮೇರಿಕದ ವಾಣಿಜ್ಯ ಆಯೋಗವು ಆ ಕಂಪೆನಿಯು 1 ಕೋಟಿ 65 ಲಕ್ಷ ಡಾಲರುಗಳನ್ನು ತೆರಬೇಕೆಂದಿತು. ಬೆಲೆ ಬೇಡವೆನ್ನುವವನು ಬೇರೆ ಎಲ್ಲಿಂದ ಸಂಪಾದಿಸುವನೆಂದು ಕೇಳಿಕೊಳ್ಳುವದು ಗೃಹಿಣಿಯರಿಗೆ ಹೊಸ ವಿದ್ಯೆಯೇನೂ ಅಲ್ಲ.

ಹಾಗಾದರೆ ಹಣ ಕೊಟ್ಟು ಕೊಳ್ಳುವದು ವ್ಯರ್ಥವೋ? ಹಾಗೂ ಅಲ್ಲ. ಪುಣೆಯ ಕ್ವಿಕ್ ಹೀಲ್, ಚೆನ್ನೈಯ ಕೆ7 ಮುಂತಾದ ನಮ್ಮ ದೇಶದ ಕಂಪೆನಿಗಳೂ ಪರದೇಶದವುಗಳೂ ಒಳ್ಳೆಯ ಕೆಲಸ ಮಾಡುತ್ತವೆ. ಸಣ್ಣ ಮಕ್ಕಳು ನೋಡತಕ್ಕದ್ದನ್ನು ಮಿತಿಗೊಳಿಸಬೇಕಾದರೆ, ಅಥವಾ ಒಂಟಿಯಾಗಿರುವ ವೃದ್ಧರಿಗೆ ಸಹಾಯ ಕೇಳಲು ಒಂದು ಸ್ಥಳ ಬೇಕಾದರೆ, ಕೊಂಡುಕೊಳ್ಳುವದರಲ್ಲಿ ಅರ್ಥವಿದೆ. ಆದರೆ ಮೊದಲನೆಯ ವರುಷದ ಬೆಲೆಯನ್ನು ಮಾತ್ರವಲ್ಲ, ಎರಡನೆಯ ವರುಷದ ಬೆಲೆಯನ್ನೂ ವಿಚಾರಿಸಿರಿ. ತಾನಾಗಿಯೇ ಹಣ ಕಡಿದುಕೊಳ್ಳುವ ಏರ್ಪಾಡಿದ್ದರೆ ಅದನ್ನು ನಿಲ್ಲಿಸಿರಿ. ಮುಗಿಯುವ ತಾರೀಕನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿರಿ. ಇನ್ನು ಮುಂದುವರಿಸುವ ಮನಸ್ಸಿಲ್ಲವಾದರೆ ಅದನ್ನು ಪೂರ್ತಿಯಾಗಿ ತೆಗೆದುಹಾಕಿ, ಡಿಫೆಂಡರು ಎಚ್ಚರವಾಗಿದೆಯೋ ಎಂದು ನೋಡಿಕೊಳ್ಳತಕ್ಕದ್ದು; ಯಾಕಂದರೆ ಬೇರೆ ಆಂಟಿವೈರಸು ಬಂದಾಗ ಡಿಫೆಂಡರು ಬದಿಗೆ ಸರಿದಿರುತ್ತದೆ. ಎರಡನ್ನು ಒಟ್ಟಿಗೆ ಹಾಕುವವರೂ ಇದ್ದಾರೆ. ಅವು ಒಂದನ್ನೊಂದು ಸಂಶಯಿಸಿ ಯಂತ್ರವನ್ನು ನಿಧಾನಗೊಳಿಸುವದೇ ಫಲ.

ಯಾವ ಆಂಟಿವೈರಸನ್ನು ಆರಿಸಿದರೂ ವಿಂಡೋಸನ್ನು ಹೊಸತಾಗಿ ಇಟ್ಟುಕೊಳ್ಳದಿದ್ದರೆ ಗೋಡೆಯಲ್ಲಿ ಕನ್ನವಿದ್ದು ಬಾಗಲಿಗೆ ಮಾತ್ರ ಕಾವಲಿಟ್ಟಂತೆ. 2017ರ ಮೇ ತಿಂಗಳಲ್ಲಿ 'ವಾನಾಕ್ರೈ' ಎಂಬದು 150ರಷ್ಟು ದೇಶಗಳಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಕಂಪ್ಯೂಟರುಗಳ ಫೈಲುಗಳಿಗೆ ಬೀಗ ಹಾಕಿ ಹಣ ಕೇಳಿತು. ಅದು ನುಗ್ಗಿದ ರಂಧ್ರವನ್ನು ಮುಚ್ಚುವ ತೇಪೆಯನ್ನು ಮೈಕ್ರೋಸಾಫ್ಟಿನವರು ಮಾರ್ಚಿಯಲ್ಲಿಯೇ ಕೊಟ್ಟಿದ್ದರು; ಹಾಕಿಕೊಳ್ಳದವರು ಬಹುಮಂದಿ. ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲವು 2025ರ ಅಕ್ಟೋಬರ್ 14ರಂದು ನಿಂತುಹೋಗಿದೆಯಾದ್ದರಿಂದ, ಮನೆಯಲ್ಲಿ ಅದೇ ಇದ್ದರೆ ಆಂಟಿವೈರಸಿಗೆ ಹಣ ಕೊಡುವ ಮೊದಲು ಈ ಸಂಗತಿಯನ್ನು ಯೋಚಿಸಬೇಕು.

"ನಿಮ್ಮ ಕಂಪ್ಯೂಟರಿನಲ್ಲಿ ವೈರಸುಗಳಿವೆ, ಕೂಡಲೇ ಈ ನಂಬರಿಗೆ ಫೋನು ಮಾಡಿರಿ" ಎಂದು ತೆರೆಯ ಮೇಲೆ ಕಿರಿಚುವ ಪುಟವು ಆಂಟಿವೈರಸಲ್ಲ, ಮೋಸ. ನಿಜವಾದ ಸೂಚನೆಯು ಫೋನು ಮಾಡೆನ್ನುವದಿಲ್ಲ. ಆ ಕಿಟಕಿಯನ್ನು ಮುಚ್ಚಿರಿ. ಮುಚ್ಚಲಾಗದಿದ್ದರೆ ಯಂತ್ರವನ್ನೇ ಆರಿಸಿರಿ. ಒಂದು ವೇಳೆ ಹಣ ಹೋಗಿದ್ದರೆ ನಾಚಿಕೆಪಟ್ಟು ಬಚ್ಚಿಡದೆ 1930 ಎಂಬ ಸರಕಾರದ ಸಂಖ್ಯೆಗೆ ತಡಮಾಡದೆ ತಿಳಿಸಿರಿ. ಬೇಗ ತಿಳಿಸಿದಷ್ಟು ಹಣವನ್ನು ತಡೆದು ನಿಲ್ಲಿಸುವ ಸಂಭವ ಹೆಚ್ಚು. ಫೋನಿನಲ್ಲಿ ಕೇಳಿದವನಿಗೆ ನಾವೇ ಓಟಿಪಿಯನ್ನು ಹೇಳಿಬಿಟ್ಟರೆ ಯಾವ ಆಂಟಿವೈರಸೂ ನಮ್ಮ ಬಾಯನ್ನು ಮುಚ್ಚಲಾರದು.

ನಮ್ಮ ಮನೆಯಲ್ಲಿ ಈಗ ಡಿಫೆಂಡರೇ ಕಾವಲಿಗಿದೆ. ಆಂಟಿವೈರಸಿಗೆ ಕೊಡುತ್ತಿದ್ದ ಹಣವನ್ನು ಕೂಡಿಸಿ ಒಂದು ಹೊರಗಿನ ಹಾರ್ಡ್‌ಡಿಸ್ಕನ್ನು ಕೊಂಡೆವು. ಪ್ರತಿ ತಿಂಗಳ ಮೊದಲನೆಯ ಶನಿವಾರ ಚಿತ್ರಗಳನ್ನೂ ಕಾಗದಪತ್ರಗಳನ್ನೂ ಅದಕ್ಕೆ ಪ್ರತಿಮಾಡಿ, ತಂತಿಯನ್ನು ಬಿಡಿಸಿ, ಸೀರೆಯ ಬೀರುವಿನಲ್ಲಿ ಇಡುತ್ತೇವೆ; ಸಿಕ್ಕಿಸಿಯೇ ಇಟ್ಟರೆ ಬೀಗ ಹಾಕುವ ವೈರಸು ಅದಕ್ಕೂ ಬೀಗ ಹಾಕೀತು. ತಂದೆಯವರ ಚಿತ್ರಗಳಲ್ಲಿ ನಾಲ್ಕು ತಂಗಿಯ ಫೋನಿನಲ್ಲಿ ಸಿಕ್ಕವು. ಒಂದರಲ್ಲಿ ಅವರು ಜಗಲಿಯ ಮೇಲೆ ಕುಳಿತು ಮೊಮ್ಮಗನಿಗೆ ಪೆನ್ಸಿಲನ್ನು ಚೂಪು ಮಾಡಿಕೊಡುತ್ತಿದ್ದಾರೆ. ಆ ಡಿಸ್ಕಿಗೆ ಮೊದಲು ಪ್ರತಿಮಾಡಿದ್ದು ಅದನ್ನೇ.