ಲಕ್ಕವಳ್ಳಿಯ ನೀರು, ದೆಹಲಿಯ ಬಜೆಟ್

ಇದು ತರೀಕೆರೆ ತಾಲ್ಲೂಕಿನ ಲಕ್ಕವಳ್ಳಿ. ಎದುರಿಗಿರುವುದು ಭದ್ರಾ ಅಣೆಕಟ್ಟು.

2023ರ ಫೆಬ್ರವರಿ 1. ಇಲ್ಲಿನ ನೀರನ್ನು ಬಯಲುಸೀಮೆಗೆ ಒಯ್ಯುವ ಭದ್ರಾ ಮೇಲ್ದಂಡೆ ಯೋಜನೆಗೆ 5,300 ಕೋಟಿ ರೂಪಾಯಿ ಕೇಂದ್ರ ನೆರವು ಎಂದು ಸಂಸತ್ತಿನಲ್ಲಿ ಘೋಷಿಸಿದವರು ನಿರ್ಮಲಾ ಸೀತಾರಾಮನ್.

ಹುಟ್ಟಿದ್ದು 1959ರಲ್ಲಿ, ಮದುರೆಯಲ್ಲಿ. ತಿರುಚಿರಾಪಳ್ಳಿಯಲ್ಲಿ ಪದವಿ, ದೆಹಲಿಯ ಜೆಎನ್‌ಯುನಲ್ಲಿ ಅರ್ಥಶಾಸ್ತ್ರ. 2016ರಿಂದ ಅವರು ರಾಜ್ಯಸಭೆಗೆ ಹೋಗುತ್ತಿರುವುದು ನಮ್ಮ ಕರ್ನಾಟಕದಿಂದಲೇ. 2017ರಲ್ಲಿ ರಕ್ಷಣಾ ಸಚಿವೆ, 2019ರ ಮೇ ತಿಂಗಳಿಂದ ಹಣಕಾಸು ಸಚಿವೆ. ಹಿಂದೆ ಇಂದಿರಾ ಗಾಂಧಿ ಪ್ರಧಾನಿಯಾಗಿದ್ದುಕೊಂಡೇ ಈ ಖಾತೆ ನೋಡಿಕೊಂಡಿದ್ದರು. ಪೂರ್ಣಾವಧಿಗೆ ಇದನ್ನು ಹೊತ್ತ ಮೊದಲ ಮಹಿಳೆ ನಿರ್ಮಲಾ.

ಮೊದಲ ಬಜೆಟ್‌ಗೆ ಸೂಟ್‌ಕೇಸ್ ಬಿಟ್ಟು ಕೆಂಪು ಬಟ್ಟೆಯ ಕಡತ ಹಿಡಿದು ಬಂದರು. 2025ರಲ್ಲಿ ಮಂಡಿಸಿದ್ದು ಸತತ ಎಂಟನೆಯದು. ಮೊರಾರ್ಜಿ ದೇಸಾಯಿ ಒಟ್ಟು ಹತ್ತು ಮಂಡಿಸಿದ್ದರು, ಆದರೆ ಸತತವಾಗಿ ಅಲ್ಲ.

ಇಷ್ಟು ದೀರ್ಘ ಅವಧಿಯನ್ನು ದಾಖಲೆಗಳಿಂದಷ್ಟೇ ಅಳೆದರೆ ಸಾಲದು. ಘೋಷಿಸಿದ ಹಣ ಊರು ಮುಟ್ಟಿತೇ ಎಂದು ಕೇಳಲೇಬೇಕು. ಮೇಲ್ದಂಡೆಯ ನೀರು ಅಜ್ಜಂಪುರದ ಸುರಂಗ ದಾಟಿ ಚಿತ್ರದುರ್ಗದ ಕಡೆಗೆ ಹರಿಯಬೇಕು. ಮಳೆಯ ಜೊತೆ ಭದ್ರೆಯ ನೀರೂ ಸೇರಿ, 2022ರಲ್ಲಿ ಅಲ್ಲಿನ ವಾಣಿವಿಲಾಸ ಸಾಗರ ಜಲಾಶಯ ಸುಮಾರು ಒಂಬತ್ತು ದಶಕಗಳ ಬಳಿಕ ಕೋಡಿ ಬಿದ್ದಾಗ ಜನ ಜಾತ್ರೆಯಂತೆ ನೆರೆದಿದ್ದರು. ಆ 5,300 ಕೋಟಿ ಮಾತ್ರ ಬಂದಿಲ್ಲ ಎಂದು ರಾಜ್ಯ ಸರ್ಕಾರ 2025ರ ಬಜೆಟ್ ಬಳಿಕವೂ ಮತ್ತೆ ಮತ್ತೆ ದೂರಿದೆ. ಚಿತ್ರದುರ್ಗ, ತುಮಕೂರು, ದಾವಣಗೆರೆಯ ಕೆರೆಗಳು ಕಾಯುತ್ತಿರುವುದು ಇದೇ ಯೋಜನೆಯ ನೀರಿಗೆ.