ಬಾಣಲೆಯ ಉಸಿರು

ಅಡಿಗೆಗೂ ಉಸಿರುಂಟೆ? ಉಂಟೆನ್ನುತ್ತಾರೆ ದಕ್ಷಿಣ ಚೀನದ ಕ್ಯಾಂಟನ್ ಸೀಮೆಯವರು. ಧಗಧಗಿಸುವ ಒಲೆಯಿಂದ ಆಗತಾನೆ ಇಳಿದ ಹುರಿದನ್ನದಲ್ಲಿ, ಸೊಪ್ಪಿನ ಪಲ್ಯದಲ್ಲಿ ಮೂಗಿಗೆ ತಾಗುವ ನಸುಹೊಗೆಯ ಕಂಪನ್ನು ಅವರು ‘ವೋಕ್ ಹೇ’ ಎಂದು ಕರೆಯುತ್ತಾರೆ. ‘ವೋಕ್’ ಎಂದರೆ ಬಾಣಲೆ. ‘ಹೇ’ ಎಂದರೆ ಉಸಿರು. ನಮ್ಮ ‘ಪ್ರಾಣ’ ಶಬ್ದದಂತೆ ಇದೂ ಉಸಿರನ್ನೂ ಜೀವಶಕ್ತಿಯನ್ನೂ ಒಟ್ಟಿಗೆ ಸೂಚಿಸುತ್ತದೆ. ಹಾಂಗ್‌ಕಾಂಗಿನ ಬೀದಿಬದಿಯ ಅಡಿಗೆಕಟ್ಟೆಗಳಲ್ಲಿ ಬಾಣಸಿಗನ ಕೈಗುಣಕ್ಕೆ ಇದೇ ಒರೆಗಲ್ಲು. ತಟ್ಟೆ ಮೇಜಿಗೆ ಬಂದ ಕೆಲವೇ ನಿಮಿಷಗಳಲ್ಲಿ ಈ ಉಸಿರು ಆರಿಹೋಗುತ್ತದೆ.

ಇದರ ಗುಟ್ಟೆಲ್ಲ ನೀರಿಗೂ ಬೆಂಕಿಗೂ ನಡೆಯುವ ಪಂದ್ಯದಲ್ಲಿದೆ. ತರಕಾರಿಯ ಮೇಲ್ಮೈಯಲ್ಲಿ ನೀರಿರುವವರೆಗೆ ಅಲ್ಲಿನ ಶಾಖ 100 ಡಿಗ್ರಿ ಸೆಲ್ಸಿಯಸ್ ದಾಟಲಾರದು. ಒಲೆ ಮಂದವಾದರೆ ಒಸರಿದ ನೀರು ತಳದಲ್ಲಿ ನಿಂತು, ಪಲ್ಯವು ಹುರಿಯುವ ಬದಲು ಬೇಯುತ್ತದೆ. ಬೆಂಕಿ ಪ್ರಖರವಾದರೆ ನೀರು ಒಡನೆಯೇ ಆವಿಯಾಗಿ, ಶಾಖವು 140 ಡಿಗ್ರಿಯಾಚೆಗೆ ಏರುತ್ತದೆ. ಆಗ ಸಕ್ಕರೆಯೂ ಅಮೈನೋ ಆಮ್ಲಗಳೂ ವೇಗವಾಗಿ ಬೆರೆತು ಕೆಂಬಣ್ಣವನ್ನೂ ಬಗೆಬಗೆಯ ಸುವಾಸನೆಗಳನ್ನೂ ಹಡೆಯುತ್ತವೆ. 1912ರಲ್ಲಿ ಈ ಕ್ರಿಯೆಯನ್ನು ವಿವರಿಸಿದವನು ಫ್ರಾನ್ಸಿನ ಲೂಯಿ ಕಮೀಲ್ ಮಯ್ಯಾರ್. ಹುರಿದ ಕಾಫಿಬೀಜದ ಪರಿಮಳದಲ್ಲಿಯೂ ಇದರ ಪಾಲುಂಟು. ಇದರೊಡನೆ, ಚಿಮ್ಮಿದ ಎಣ್ಣೆಯ ಹನಿಗಳು ಜ್ವಾಲೆಗೆ ತಾಗಿ ಉರಿದು ಹೊಗೆಯ ಕಂಪನ್ನು ಸೇರಿಸುತ್ತವೆ.

ಇಂಥ ಬೆಂಕಿಯಲ್ಲಿ ಅನ್ನ ಸೀದುಹೋಗದೆ? ಹೋಗದಂತೆ ಕಾಯುವುದು ಬಾಣಸಿಗನ ತೋಳು. ಅಮೆರಿಕದ ಜಾರ್ಜಿಯಾ ಟೆಕ್‌ನ ಇಬ್ಬರು ಸಂಶೋಧಕರು 2020ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ಆತ ಸೆಕೆಂಡಿಗೆ ಸುಮಾರು ಮೂರು ಬಾರಿ ಬಾಣಲೆಯನ್ನು ತೂಗಿ ಅನ್ನವನ್ನು ಮೇಲಕ್ಕೆ ಚಿಮ್ಮಿಸುತ್ತಾನೆ. ಕಾಳುಗಳು ಗಾಳಿಯಲ್ಲಿ ತುಸು ತಣಿದು ಮತ್ತೆ ಕಾದ ಲೋಹಕ್ಕೆ ಬೀಳುತ್ತವೆ. ದಿನವಿಡೀ ಈ ದುಡಿಮೆ ನಡೆಸುವ ಅನೇಕ ಬಾಣಸಿಗರಿಗೆ ಭುಜದ ನೋವು ತಪ್ಪಿದ್ದಲ್ಲ. ರುಚಿಗೆ ತೆತ್ತ ಬೆಲೆ ಅದು.

ಬೆಂಕಿಯ ಈ ಮರ್ಮವನ್ನು ಚೀನೀಯರು ಹಿಂದೆಯೇ ಅರಿತಿದ್ದರು. ನಾನ್‌ಜಿಂಗಿನಲ್ಲಿ ನೆಲೆಸಿದ್ದ ಕವಿ ಯುವಾನ್ ಮೇ 1792ರಲ್ಲಿ ಪ್ರಕಟವಾದ ತನ್ನ ಪಾಕಗ್ರಂಥದಲ್ಲಿ ಬೆಂಕಿಯ ಹದಕ್ಕೆಂದೇ ಒಂದು ಭಾಗವನ್ನು ಮೀಸಲಿಟ್ಟ. ಹುರಿಯಲು ‘ಯೋಧನ ಬೆಂಕಿ’, ಕುದಿಸಲು ‘ಪಂಡಿತನ ಬೆಂಕಿ’ ಎಂಬುದು ಅವರ ಪರಿಭಾಷೆ. ತನ್ನ ಅಡಿಗೆಯವನ ಜೀವನಚರಿತ್ರೆಯನ್ನು ಬರೆದ ರಸಿಕನೂ ಆತನೇ.

ನಮ್ಮ ಮನೆಯ ಗ್ಯಾಸ್ ಒಲೆಗೆ ಅಂಥ ಯೋಧನ ಕಸುವಿಲ್ಲ. ಆದರೂ ಉಪಾಯಗಳುಂಟು. ತೊಳೆದ ತರಕಾರಿಯ ನೀರನ್ನು ಚೆನ್ನಾಗಿ ಒರಸಬೇಕು. ಕಬ್ಬಿಣದ ಬಾಣಲೆಯನ್ನು ಮೊದಲೇ ಕಾಯಿಸಬೇಕು. ಒಮ್ಮೆಗೆ ಎರಡು ಹಿಡಿಯಷ್ಟನ್ನೇ ಹಾಕಬೇಕು. ಕಿಟಕಿ ತೆರೆದಿರಲಿ. ನಾನ್‌ಸ್ಟಿಕ್ ಪಾತ್ರೆಗಳು ಇಂಥ ಶಾಖಕ್ಕೆ ತಕ್ಕವಲ್ಲ.

ಇನ್ನೊಂದು ಮಾತು. ಎಲ್ಲರಿಗೂ ಬಡಿಸಿ, ಕಡೆಯಲ್ಲಿ ತಣ್ಣಗಾದುದನ್ನು ಉಣ್ಣುವುದು ನಮ್ಮ ಗೃಹಿಣಿಯರ ವಾಡಿಕೆ. ಬಾಣಲೆಯ ಉಸಿರು ಯಾರಿಗಾಗಿಯೂ ಕಾಯುವುದಿಲ್ಲ. ಒಲೆಯ ಮುಂದೆ ಬೆಂದವಳಿಗೇ ಅದು ದಕ್ಕದಿದ್ದರೆ ಹೇಗೆ? ಮೊದಲ ಬಾಣಲೆ ಇಳಿದಾಗ ಆಕೆಯನ್ನು ಕುಳ್ಳಿರಿಸಿ, ಎರಡನೆಯದಕ್ಕೆ ಮನೆಯ ಬೇರೆಯವರು ಸೌಟು ಹಿಡಿಯಬಾರದೇಕೆ?